ಕೆಂಚಿಯ ವಿಷಯವಾಗಿ ಅಮ್ಮನಿಗೆ

ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ
ಏಪ್ರಿಲ್ 20

ಪ್ರೀತಿಯ ಅಮ್ಮ,

ನಿನಗೂ ಅಪ್ಪಯ್ಯನಿಗೂ ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ. ವಾರಕ್ಕೆ ಮೂರು ಸಲ ಫೋನ್ ಮಾಡುವವಳು ಈಗ ಪತ್ರ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಫೋನಿನಲ್ಲಿ ನಿನ್ನ ಬೆಕ್ಕು ಕೆಂಚಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವ ಮಾತು ತೆಗೆದ ಕೂಡಲೇ ನೀನು "ಕುಕ್ಕರ್ ಕೂಗ್ತಿದೆ, ಇಡ್ತೀನಿ" ಅಂತೀಯ. ನಿನ್ನ ಕುಕ್ಕರ್ ರಾತ್ರಿ ಹತ್ತು ಗಂಟೆಗೂ ಕೂಗುತ್ತೆ! ಪತ್ರವಾದರೆ ಊಟ ಮುಗಿಸಿ, ಜಗಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತೀಯ.

ನಮ್ಮ ಮನೆಗೆ ಬಂದ ಬೆಕ್ಕಿನ ಫೋಟೋ ನೋಡಿದ್ದೀಯಲ್ಲ. ಹೆಸರು ಸಾಸಿವೆ. ಬೂದು ಮೈ, ಅದರ ಮೇಲೆ ಒಗ್ಗರಣೆ ಸಿಡಿದ ಹಾಗೆ ಕಪ್ಪು ಚುಕ್ಕೆ. ಪುಟ್ಟಿಯೇ ಇಟ್ಟ ಹೆಸರು. ಅವಳು ಹೇಗೆ ಬಂದಳು ಅನ್ನೋದು ಒಂದು ಕಥೆ.

ಮೊದಲು ನಾವು ಹೋಗಿದ್ದು ಪೆಟ್ ಶಾಪಿಗೆ. ಬೆಂಗಳೂರಿನ ಶಿವಾಜಿನಗರದಲ್ಲಿ ನೋಡಿದ ಹಾಗೆ ಇಲ್ಲೂ ಪಂಜರದಲ್ಲಿ ಮರಿಗಳನ್ನು ಸಾಲಾಗಿ ಇಟ್ಟಿರುತ್ತಾರೆ, ದುಡ್ಡು ಕೊಟ್ಟು ಎತ್ತಿಕೊಂಡು ಬರೋದು ಅಂತ ನನ್ನ ಲೆಕ್ಕ. ಅಂಗಡಿ ನಮ್ಮೂರಿನ ಕಲ್ಯಾಣ ಮಂಟಪದಷ್ಟು ದೊಡ್ಡದು. ನಾಯಿಗೆ ಮಳೆ ಅಂಗಿ ಇದೆ, ಬೆಕ್ಕಿಗೆ ಹಲ್ಲುಜ್ಜುವ ಬ್ರಷ್ ಇದೆ. ನಾಯಿಯೂ ಇಲ್ಲ, ಬೆಕ್ಕೂ ಇಲ್ಲ. ಕೌಂಟರಿನ ಹುಡುಗನನ್ನು ಕೇಳಿದರೆ, "ನಾವು ಮಾರುವ ಹಾಗಿಲ್ಲ, ಕಾನೂನಿದೆ" ಅಂದ.

ಈ ಕಾನೂನು ಎರಡು ಮೆಟ್ಟಿಲಲ್ಲಿ ಬಂದಿದೆ. 2019ರ ಜನವರಿಯಿಂದ, ಅಂಗಡಿಯವರು ನಾಯಿ, ಬೆಕ್ಕು, ಮೊಲ ಮಾರಬೇಕಾದರೆ ಅವು ಶೆಲ್ಟರ್‌ನಿಂದಲೋ, ಪ್ರಾಣಿಗಳನ್ನು ಕಾಪಾಡುವ ರೆಸ್ಕ್ಯೂ ಗುಂಪಿನವರಿಂದಲೋ ಬಂದಿರಬೇಕು ಅಂತ ಮಾಡಿದರು. ಶೆಲ್ಟರ್ ಅಂದರೆ ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗ, ನಮ್ಮಲ್ಲಿ ಗೋಶಾಲೆ ಇದ್ದ ಹಾಗೆ. ಮರಿಗಳಿಗಾಗಿಯೇ ಹೆಣ್ಣು ನಾಯಿಗಳನ್ನು ಪಂಜರದಲ್ಲಿಟ್ಟು ವರ್ಷಪೂರ್ತಿ ಹೆರಿಸುವವರಿದ್ದಾರಲ್ಲ, ಅವರ ದಂಧೆಗೆ ಪೆಟ್ಟು ಬೀಳಲಿ ಅಂತ. ಆದರೆ ಕೆಲವರು ಹೆಸರಿಗೆ ರೆಸ್ಕ್ಯೂ ಗುಂಪು ಅಂತ ಬೋರ್ಡು ಹಾಕಿಕೊಂಡು ಅದೇ ಮರಿಗಳನ್ನು ಅಂಗಡಿಗೆ ಕೊಟ್ಟರಂತೆ. ಕಳ್ಳರ ಬುದ್ಧಿ ಎಲ್ಲಾ ಕಡೆ ಒಂದೇ. ಅದಕ್ಕೆ 2021ರಿಂದ ಅಂಗಡಿಯವರಿಗೆ ಮಾರಾಟವೇ ಬಂದ್. ಶೆಲ್ಟರ್‌ನವರು ಬಂದು ಕೂರಲು ಜಾಗ ಕೊಡಬಹುದು, ಅಷ್ಟೇ. ಅಲ್ಲಿ ದತ್ತು ಕೊಡುವ ಪ್ರಾಣಿಗೆ ಆಪರೇಷನ್ ಆಗಿರಬೇಕು, ಎಲ್ಲಾ ಸೇರಿ 500 ಡಾಲರ್ ದಾಟಬಾರದು.

ಹುಡುಗ ಕೊಟ್ಟ ವಿಳಾಸ ಹಿಡಿದು ಶೆಲ್ಟರಿಗೆ ಹೋದೆವು. ಐದು ತಿಂಗಳ ಸಾಸಿವೆ ಪುಟ್ಟಿಯ ಶರ್ಟಿನ ಗುಂಡಿ ಕಚ್ಚಿಕೊಂಡು ಬಿಡಲೇ ಇಲ್ಲ. ಆಯ್ತು, ಇವಳೇ ಅಂತ ಫಾರಂ ತುಂಬಿ ದುಡ್ಡು ಕಟ್ಟಿದೆವು. ಬುಟ್ಟಿ ಮುಂದೆ ಇಟ್ಟರೆ ಅಲ್ಲಿನ ಹೆಂಗಸು ನಕ್ಕು, "ಇವತ್ತು ಕೊಡುವುದಿಲ್ಲ, ಮಂಗಳವಾರ ಇವಳ ಆಪರೇಷನ್, ಆಮೇಲೆ ಬನ್ನಿ" ಅಂದಳು. ಪುಟ್ಟಿ ಅಲ್ಲೇ ನೆಲದ ಮೇಲೆ ಕೂತು ಅಳಲು ಶುರು. ನಿನ್ನ ಅಳಿಯ, "ನಾವೇ ಮಾಡಿಸ್ತೀವಿ, ಬರೆದುಕೊಡ್ತೀವಿ" ಅಂದರು. ಊಹೂಂ. ಹೀಗೆ ಬರೆದುಕೊಟ್ಟು ಹೋದವರಲ್ಲಿ ಎಷ್ಟೋ ಜನ ಮತ್ತೆ ತಲೆ ಹಾಕುವುದಿಲ್ಲ, ಮುಂದಿನ ವರ್ಷ ಅದೇ ಬೆಕ್ಕಿನ ಮರಿಗಳು ರಟ್ಟಿನ ಡಬ್ಬಿಯಲ್ಲಿ ಇದೇ ಬಾಗಿಲಿಗೆ ಬರುತ್ತವೆ ಅಂದಳು. ಆಪರೇಷನ್ ಆಗದ ನಾಯಿ, ಬೆಕ್ಕು ಬಾಗಿಲು ದಾಟುವ ಹಾಗಿಲ್ಲ ಅನ್ನುವುದು ಇಲ್ಲಿನ ರಾಜ್ಯದ ಕಾನೂನು. ಕಾಯಿಲೆಯಿದೆ, ಈಗ ಆಪರೇಷನ್ ತಡೆದುಕೊಳ್ಳುವುದಿಲ್ಲ ಅಂತ ಡಾಕ್ಟರು ಬರೆದುಕೊಟ್ಟರೆ ಮಾತ್ರ ವಿನಾಯಿತಿ. ಆಗಲೂ 40ರಿಂದ 75 ಡಾಲರ್ ಮುಂಗಡ ಇಟ್ಟುಕೊಳ್ಳುತ್ತಾರೆ. ಆಪರೇಷನ್ ಮಾಡಿಸಿದ ಚೀಟಿ ತೋರಿಸಿದರೆ ವಾಪಸ್. ಅಪ್ಪಯ್ಯ ಅಡಿಕೆ ಕೊಯ್ಲಿನ ಏಣಿ ಎರವಲು ಕೊಡುವಾಗ ಏನಾದರೂ ಒಂದು ಒತ್ತೆ ಇಟ್ಟುಕೊಳ್ಳುತ್ತಿದ್ದರಲ್ಲ, ಹಾಗೇ.

ಬುಧವಾರ ಕರೆದುಕೊಂಡು ಬಂದೆವು. ಮನೆಗೆ ಬಂದು ಅವಳನ್ನು ಮಗುಚಿ ಹೊಟ್ಟೆ ನೋಡಿದೆ ಅಮ್ಮ. ನೀನು ಹೆದರುತ್ತಿದ್ದೀಯಲ್ಲ, ಅದಕ್ಕೇ ನಿನ್ನ ಪರವಾಗಿ ನೋಡಿದೆ. ಅಂಗೈಯಷ್ಟು ಜಾಗದ ಕೂದಲು ಬೋಳಿಸಿದ್ದರು. ನಡುವೆ ಒಂದು ಗಾಯ, ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇರಬಹುದು. ಹೊರಗೆ ಹೊಲಿಗೆ ಕಾಣುವುದೇ ಇಲ್ಲ, ಒಳಗೇ ಕರಗುವ ದಾರವಂತೆ. ಗಾಯದ ಪಕ್ಕ ಪುಟ್ಟದೊಂದು ಹಸಿರು ಗೆರೆ. ಸ್ಕೆಚ್ ಪೆನ್ನಿನದು ಅಂತ ಒರೆಸಲು ಹೋದೆ. ಅದು ಹಚ್ಚೆ! ಅಜ್ಜಿಯ ಮುಂಗೈಯಲ್ಲಿ ಇತ್ತಲ್ಲ, ಅದೇ ಬಣ್ಣ. ಮುಂದೆ ಯಾವತ್ತೋ ಇವಳು ತಪ್ಪಿಸಿಕೊಂಡು ಬೇರೆ ಡಾಕ್ಟರ ಕೈಗೆ ಸಿಕ್ಕರೆ, ಆಪರೇಷನ್ ಆಗಿದೆ ಅಂತ ಗೊತ್ತಾಗಲಿ, ಸುಮ್ನೆ ಇನ್ನೊಮ್ಮೆ ಹೊಟ್ಟೆ ಕುಯ್ಯದಿರಲಿ ಅಂತ ಹಾಕುವ ಗುರುತು. ಹೆಗಲ ಹತ್ತಿರ ಚರ್ಮದ ಕೆಳಗೆ ಅಕ್ಕಿ ಕಾಳಿನಷ್ಟು ಮೈಕ್ರೋಚಿಪ್ ಕೂಡ ಇದೆ, ಕಳೆದುಹೋದರೆ ಯಾರ ಮನೆಯದು ಅಂತ ತಿಳಿಯಲು. 2022ರಿಂದ ಅದೂ ಕಡ್ಡಾಯ.

ಮೊದಲ ರಾತ್ರಿ ಅಮಲಿನಲ್ಲಿ ತೂರಾಡುತ್ತಾ ನಡೆದಳು. ನನಗೆ ನಿನ್ನ ಮಾತೇ ನೆನಪಾಗುತ್ತಿತ್ತು, "ಪಾಪ, ಮೂಕ ಪ್ರಾಣಿ" ಅಂತ. ಮೂರನೇ ದಿನ, ಗಾಯ ನೆಕ್ಕದಿರಲಿ ಅಂತ ಕೊರಳಿಗೆ ಕಟ್ಟಿದ್ದ ಪ್ಲಾಸ್ಟಿಕ್ ಕೊಡೆಯ ಸಮೇತ ಫ್ರಿಜ್ ಮೇಲಿಂದ ಹಾರಿದಳು. ನನ್ನ ಜೀವ ಬಾಯಿಗೆ ಬಂತು. ಅವಳಿಗೆ ಏನೂ ಆಗಲಿಲ್ಲ, ನನ್ನ ಉಪ್ಪಿನಕಾಯಿ ಜಾಡಿ ಒಡೆಯಿತು. ಹೌದು, ನೀನು ಕಳಿಸಿದ ಅಪ್ಪೆಮಿಡಿಯೇ.

ಈಗ ನಿನ್ನ ಮಾತಿಗೆ ಬರುತ್ತೇನೆ. "ಒಂದು ಸಲವಾದರೂ ತಾಯಿಯಾಗಲಿ, ಆಮೇಲೆ ನೋಡೋಣ" ಅಂದಿದ್ದೆ. ಕೆಂಚಿ ಈಗ ನಾಲ್ಕನೇ ಸಲ ಮರಿ ಹಾಕಿದ್ದಾಳೆ. ಆಮೇಲೆ ಅನ್ನುವುದು ಯಾವಾಗ? ಮರಿ ಹಾಕದಿದ್ದರೆ ಕೊರಗುತ್ತೆ ಅನ್ನೋದು ನಮ್ಮ ಕಲ್ಪನೆ ಅಂತ ಇಲ್ಲಿನ ಡಾಕ್ಟರು ಹೇಳಿದರು. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತೆ, ಒಂಬತ್ತು ವಾರಕ್ಕೆ ಮರಿ ಹಾಕುತ್ತೆ, ಹಾಲೂಡಿಸುತ್ತಿರುವಾಗಲೇ ಮತ್ತೆ ಬಸಿರಾಗಬಹುದು. ಬೇಗ ಆಪರೇಷನ್ ಆದರೆ ಮೊಲೆಯ ಗೆಡ್ಡೆಯ ಭಯ ಕಡಿಮೆ, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ ತಪ್ಪುತ್ತದೆ.

ಪಾಪ ಬರುತ್ತೆ ಅಂತೀಯ. ಹೋರಿಗೆ ಬೀಜ ಒಡೆಸಲು ಅಪ್ಪಯ್ಯ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದರಲ್ಲ, ಆ ದೊಡ್ಡ ಇಕ್ಕಳ ನೋಡಿ ನಾನು ಓಡಿ ಬಂದಿದ್ದೆ. ಆಗ ಯಾರೂ ಪಾಪ ಅನ್ನಲಿಲ್ಲ. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇರುತ್ತಿತ್ತು. ತಮ್ಮ ಹುಟ್ಟಿದ ಮೇಲೆ ನೀನೂ ಅಲ್ಲಿಗೇ ಹೋಗಿ ಬಂದೆ. ವಾರಕ್ಕೆಲ್ಲ ಕೊಟ್ಟಿಗೆ ಕೆಲಸಕ್ಕೆ ಇಳಿದೆ ಅಂತ ಅಜ್ಜಿ ಬೈದಿದ್ದನ್ನು ನೀನೇ ಹೇಳಿದ್ದೆ. ಸಿಟ್ಟಾಗಬೇಡ, ನಿನ್ನನ್ನೂ ಬೆಕ್ಕನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ನಿನ್ನನ್ನು ಕೇಳಿ ಮಾಡಿದರು, ಕೆಂಚಿಯನ್ನು ಯಾರೂ ಕೇಳುವುದಿಲ್ಲ. ಅದು ನನಗೂ ಕಸಿವಿಸಿಯೇ.

ಆದರೆ ನನ್ನನ್ನು ಜಾಸ್ತಿ ಕಾಡುವ ಪಾಪ ಬೇರೆ ಇದೆ. ನಾನು ಐದನೇ ಕ್ಲಾಸು. ಕೆಂಚಿಯ ಮುತ್ತಜ್ಜಿಯೋ ಯಾರೋ, ಅಟ್ಟದಲ್ಲಿ ಐದು ಮರಿ ಹಾಕಿತ್ತು. "ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬಾ, ಅಲ್ಲಿ ತಿನ್ನೋಕೆ ಸಿಗುತ್ತೆ" ಅಂತ ದೊಡ್ಡಪ್ಪ ಅಕ್ಕಿ ಚೀಲ ಕೈಗೆ ಕೊಟ್ಟರು. ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ನೇತು ಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ ಚೀಲ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಒಳಗೆ ಬೆಚ್ಚಗಿತ್ತು, ಅಲುಗಾಡುತ್ತಿತ್ತು. ಮಾರ್ಕೆಟ್ಟಿನ ಹಿಂದೆ ಚೀಲ ಬಿಚ್ಚಿಟ್ಟು ತಿರುಗಿ ನೋಡದೆ ಬಂದೆ. ಆ ಬೆಕ್ಕು ಎರಡು ದಿನ ಅಟ್ಟ ಹತ್ತಿ ಇಳಿದು ಕೂಗಿತು. ನೀನು ಅದಕ್ಕೆ ಹಾಲಿಟ್ಟು ಅಡುಗೆಮನೆ ಬಾಗಿಲು ಹಾಕಿಕೊಂಡೆ. ನೀನು ಅತ್ತಿದ್ದೆ ಅಂತ ನನಗೆ ಗೊತ್ತು. ನಾವಿಬ್ಬರೂ ಅದರ ಬಗ್ಗೆ ಯಾವತ್ತೂ ಮಾತಾಡಿಲ್ಲ. ಶೆಲ್ಟರಿನ ಹೆಂಗಸು ರಟ್ಟಿನ ಡಬ್ಬಿ ಅಂದಾಗ ನನಗೆ ಆ ಚೀಲವೇ ಕಣ್ಣ ಮುಂದೆ ಬಂತು.

ಇಲ್ಲಿ ಎಲ್ಲವೂ ಸರಿ ಅಂತಲ್ಲ. ಪಕ್ಕದ ಮನೆಯವರು ಯಾರೋ ಪರಿಚಯದವರಿಂದ ಬೆಕ್ಕಿನ ಮರಿ ತಂದರು. ಅದಕ್ಕೆ ಶೆಲ್ಟರಿನ ಕಾನೂನು ತಾಗುವುದಿಲ್ಲ. ಕಡಿಮೆ ಖರ್ಚಿನ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಎರಡೂವರೆ ತಿಂಗಳಿಗೆ ತಾರೀಖು ಕೊಟ್ಟರು. ಬೆಕ್ಕು ಕಾಯುತ್ತಾ? ಈಗ ಅವರ ಗ್ಯಾರೇಜಿನಲ್ಲಿ ಐದು ಮರಿ. ಕಾನೂನಿನ ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರೆದೇ ಇದೆ. ನಾಯಿಗಳ ವಿಷಯದಲ್ಲಿ ಇನ್ನೊಂದು ತಕರಾರೂ ಇದೆ. ಹತ್ತಿರದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳ ಲೆಕ್ಕ ತೆಗೆದು, ವರ್ಷದೊಳಗೆ ಆಪರೇಷನ್ ಆದವಕ್ಕೆ ಕೀಲಿನ ತೊಂದರೆ ಹೆಚ್ಚು ಅಂದರು. 2020ರಲ್ಲಿ 35 ತಳಿ ನೋಡಿದಾಗ, ಚಿಕ್ಕ ತಳಿಗಳಿಗೆ ಆ ಭಯ ಅಷ್ಟಿಲ್ಲ ಅಂತ ಕಂಡಿತು. ಹಾಗಾಗಿ ಮನೆಯ ದೊಡ್ಡ ನಾಯಿಗೆ ಸ್ವಲ್ಪ ಕಾಯಿರಿ ಅನ್ನುವ ಡಾಕ್ಟರಿದ್ದಾರೆ. ಶೆಲ್ಟರಿಗೆ ಆ ಪುರುಸೊತ್ತಿಲ್ಲ.

ಎದುರು ಮನೆಯ ಅಜ್ಜಿ ಒಂದು ತಮಾಷೆ ಹೇಳಿದರು. ಬಾಬ್ ಬಾರ್ಕರ್ ಅಂತ ಒಬ್ಬರು 2007ರವರೆಗೆ ಟಿವಿಯಲ್ಲಿ ಬೆಲೆ ಹೇಳುವ ಆಟ ನಡೆಸುತ್ತಿದ್ದರು. ಅವರು ವರ್ಷಗಟ್ಟಲೆ ಪ್ರತಿ ದಿನ ಆಟ ಮುಗಿಸುವಾಗ, "ನಿಮ್ಮ ನಾಯಿ ಬೆಕ್ಕಿಗೆ ಆಪರೇಷನ್ ಮಾಡಿಸಿ" ಅಂತಲೇ ಹೇಳಿ ಹೋಗುತ್ತಿದ್ದರಂತೆ. 2023ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಧಾರಾವಾಹಿಗಳ ಕೊನೆಗೂ ಯಾರಾದರೂ ಹಾಗೆ ಹೇಳಿದ್ದರೆ ನೀನು ಇಷ್ಟು ಹೊತ್ತಿಗೆ ಒಪ್ಪಿರುತ್ತಿದ್ದೆ.

"ಅಮೆರಿಕದ ಕಾನೂನು ನಮಗ್ಯಾಕೆ" ಅಂತ ಅಪ್ಪಯ್ಯ ಕೇಳುತ್ತಾರೆ. ನಮ್ಮಲ್ಲೂ ಇದೆ ಅನ್ನು. ಬಸ್ ಸ್ಟ್ಯಾಂಡಿನ ನಾಯಿಗಳ ಕಿವಿಯಲ್ಲಿ ಕಚ್ಚು ಇರುತ್ತಲ್ಲ, ಅದು ಆಪರೇಷನ್ ಆದ ಗುರುತು. ಅದಕ್ಕೆ 2001ರಲ್ಲೇ ಕೇಂದ್ರದ ನಿಯಮ ಬಂತು. 2023ರ ಹೊಸ ನಿಯಮದಲ್ಲಿ, ಸಾಕಿದ ಪ್ರಾಣಿಯ ಚುಚ್ಚುಮದ್ದು, ಆಪರೇಷನ್ ಎಲ್ಲಾ ಸಾಕಿದವರ ಜವಾಬ್ದಾರಿ ಅಂತ ಬರೆದಿದೆ. ಬಾಗಿಲಲ್ಲಿ ನಿಂತು ತಡೆಯುವವರಿಲ್ಲ, ಅಷ್ಟೇ ವ್ಯತ್ಯಾಸ.

ತಮ್ಮನ ಹತ್ತಿರ ಮಾತಾಡಿದ್ದೇನೆ, ದುಡ್ಡೂ ಹಾಕಿದ್ದೇನೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಮರಿಗಳು ಹಾಲು ಬಿಡುವ ತನಕ ಕಾಯೋಣ. ಅಲ್ಲಿಯವರೆಗೆ ರಾತ್ರಿ ಕೆಂಚಿಯನ್ನು ಹೊರಗೆ ಬಿಡಬೇಡ, ಆ ಕಿವಿ ಹರಿದ ಗಂಡು ಬೆಕ್ಕು ಹಂಚಿನ ಮೇಲೇ ಕಾಯುತ್ತಿರುತ್ತೆ. ಹಿಂದಿನ ರಾತ್ರಿ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ ಹಾಗೇ ಮಾಡು. "ಒಂದು ತುತ್ತು ಮೊಸರನ್ನ" ಅಂತ ಕದ್ದು ಹಾಕಬೇಡ. ಬುಟ್ಟಿಗೆ ನನ್ನ ಹಳೇ ಹಳದಿ ದುಪಟ್ಟಾ ಹಾಸು, ಬೀರುವಿನ ಕೆಳಗಿನ ಅರೆಯಲ್ಲಿದೆ.

ಕರಿ ಮರಿಯನ್ನು ಶಾರದಕ್ಕ ಕೇಳಿದ್ದಾರೆ ಅಂದೆಯಲ್ಲ. ಧಾರಾಳವಾಗಿ ಕೊಡು. ಆದರೆ ಐನೂರು ರೂಪಾಯಿ ಮುಂಗಡ ಇಸಕೋ. ಆಪರೇಷನ್ ಮಾಡಿಸಿದ ಚೀಟಿ ತಂದು ತೋರಿಸಿದ ದಿನ ವಾಪಸ್ ಕೊಡು. ಮುಖ ಊದಿಸಿಕೊಂಡರೆ ನನ್ನ ಹೆಸರು ಹೇಳು, ಹೇಗೂ ಅವರಿಗೆ ನನ್ನ ಮೇಲೆ ಮೊದಲಿಂದಲೂ ಸಿಟ್ಟು.

ನಿನ್ನ,
ಸುಮಾ

ಅಪ್ಪೆಮಿಡಿ ಇನ್ನೊಂದು ಜಾಡಿ ಕಳಿಸಲು ಆಗುತ್ತಾ?