ಚಕ್ಕುಬಂದಿ ಬರೆಯಲು ಬಾರದ ಹವಾಲ್ದಾರ

ಸಂಪಾದಕರಿಗೆ ನಮಸ್ಕಾರ.

ಅಗ್ನಿಪಥ ಯೋಜನೆ ಬಂದದ್ದು 2022ರಲ್ಲಿ. ಅದರಲ್ಲಿ ಸೇನೆಗೆ ಸೇರಿದವರಿಗೆ, ಅಂದರೆ ಅಗ್ನಿವೀರರಿಗೆ, ನಾಲ್ಕು ವರ್ಷದ ಕೆಲಸ. ಆಮೇಲೆ ನೂರಕ್ಕೆ 25 ಮಂದಿಯವರೆಗೆ ಸೇನೆಯಲ್ಲಿ ಉಳಿಯಬಹುದು, ಉಳಿದವರು ಊರಿಗೆ ವಾಪಸ್. ನಮ್ಮ ಕಡೆ ಹೋಟೆಲಿನಲ್ಲಿ ಕೂತವರೆಲ್ಲ ಹೇಳುವುದು ಒಂದೇ ಮಾತು: "ಪೊಲೀಸ್‌ಗೆ ತಗೊಂಡ್ರೆ ಆಯ್ತಪ್ಪ. ಪರೇಡ್ ಗೊತ್ತು, ಕೋವಿ ಹಿಡಿಯೋಕೆ ಗೊತ್ತು, ಇನ್ನೇನು ಬೇಕು?" ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಈ ಪತ್ರ.

ನಾನು 1981ರಲ್ಲಿ ಬೆಂಗಳೂರಿನ ಹಲಸೂರಿನಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದವನು. ಅಲ್ಲಿ ನಮ್ಮನ್ನೆಲ್ಲ 'ತಂಬಿ' ಎನ್ನುತ್ತಾರೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು ನಮ್ಮ ಕೆಲಸ. 17 ವರ್ಷ ದುಡಿದು ಹವಾಲ್ದಾರನಾಗಿ 1998ರಲ್ಲಿ ಮನೆಗೆ ಬಂದೆ. ಆಗ ನನಗೆ 36. ಕೊಡಗಿನಲ್ಲಿ ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ಕೇಳದ ಮಗು ಇಲ್ಲ. ತಿಮ್ಮಯ್ಯನವರ 'ಸನ್ನಿ ಸೈಡ್' ಮನೆ 2021ರಲ್ಲಿ ಮ್ಯೂಸಿಯಂ ಕೂಡ ಆಯಿತು. ಒಳ್ಳೆಯದೇ. ಆದರೆ 36ಕ್ಕೇ ಪೆನ್ಷನ್ ಪುಸ್ತಕ ಹಿಡಿದು ಬಂದ ಹವಾಲ್ದಾರ ಮುಂದೆ ಏನು ಮಾಡುತ್ತಾನೆ ಅಂತ ಕೇಳುವವರು ಕಡಿಮೆ. ಮನೆಯಲ್ಲಿ ಎರಡು ಎಕರೆ ಕಾಫಿ, ಇಬ್ಬರು ಮಕ್ಕಳ ಶಾಲೆ ಫೀಸು. ಬ್ಯಾಂಕಿನ ಬಾಗಿಲಲ್ಲಿ ಗನ್ ಹಿಡಿದು ನಿಲ್ಲುವುದು ಒಂದು ದಾರಿ. ಮಾಜಿ ಸೈನಿಕರ ಮೀಸಲಾತಿಯಲ್ಲಿ ಕಾನ್‌ಸ್ಟೆಬಲ್ ಆಗುವುದು ಇನ್ನೊಂದು. ನಾನು ಎರಡನೆಯದು ಹಿಡಿದೆ.

ನನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ಮತ್ತೆ ಮೈದಾನ ಸುತ್ತಿದೆ. ಅದು ಕಷ್ಟ ಆಗಲಿಲ್ಲ. ಚಿಕ್ಕ ವಯಸ್ಸಿನ ಪಿಎಸ್‌ಐಗೆ ಸೆಲ್ಯೂಟ್ ಹೊಡೆಯುವುದೂ ಕಷ್ಟ ಆಗಲಿಲ್ಲ. ಮೀಸೆ ಸರಿಯಾಗಿ ಬಾರದ ಲೆಫ್ಟಿನೆಂಟ್‌ಗಳಿಗೆ ಹೊಡೆದು ಅಭ್ಯಾಸ ಇತ್ತಲ್ವಾ. ನಾನು ಸೋತದ್ದು ಪೆನ್ನಿನ ಮುಂದೆ.

ಕೊಯ್ಲಿನ ಕಾಲ. ಒಂದು ತೋಟದ ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿಟ್ಟಿದ್ದ ರೋಬಸ್ಟಾ ಕಾಫಿ ಚೆರಿ, 50 ಕೆ.ಜಿ.ಯ ನಾಲ್ಕು ಚೀಲ, ರಾತ್ರಿ ಕಳುವಾಗಿತ್ತು. ಸ್ಥಳದ ಮಹಜರು, ಅಂದರೆ ಅಲ್ಲಿ ಕಂಡದ್ದನ್ನು ಸಾಕ್ಷಿಗಳ ಮುಂದೆ ಬರೆದಿಡುವ ದಾಖಲೆ, ಬರೆಯಲು ನನಗೆ ಹೇಳಿದರು. ಸೇನೆಯಲ್ಲಿ ಕಲಿತ ಹಾಗೆ ಬರೆದೆ. ಕಣದ ನಡುವಿನಿಂದ 240 ಡಿಗ್ರಿಯಲ್ಲಿ 35 ಹೆಜ್ಜೆ ದೂರ ಬೇಲಿ ತುಂಡಾಗಿದೆ, ಅಲ್ಲಿಂದ ಜೀಪಿನ ಟೈರಿನ ಗುರುತು, ಬಂದ ದಾರಿ ಇದು, ಹೋದ ದಾರಿ ಇದು. ನಕ್ಷೆ ಬೇರೆ ಬಿಡಿಸಿದ್ದೆ, ಉತ್ತರ ದಿಕ್ಕಿನ ಬಾಣ ಸಮೇತ. ಠಾಣೆಯ ಕಾಗದಪತ್ರ ಬರೆಯುವ ರೈಟರ್ ಅದನ್ನು ಪೂರ್ತಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹವಾಲ್ದಾರ್ರೇ, ಕಳ್ಳನ ಮೇಲೆ ಬಾಂಬ್ ಹಾಕೋಕೆ ಹೊರಟಿದ್ದೀರಾ? ಚಕ್ಕುಬಂದಿ ಎಲ್ಲಿ?"

ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ರಸ್ತೆ, ಉತ್ತರಕ್ಕೆ ತೋಡು (ಸಣ್ಣ ಹೊಳೆ), ದಕ್ಷಿಣಕ್ಕೆ ಗದ್ದೆ, ಹೀಗೆ ನಾಲ್ಕು ಕಡೆಯ ಗಡಿ ಬರೆಯುವುದಕ್ಕೆ ಚಕ್ಕುಬಂದಿ ಎನ್ನುತ್ತಾರೆ ಅಂತ ಆವತ್ತು ಗೊತ್ತಾಯಿತು. ಊರಿಗೆ ಇನ್‌ಲ್ಯಾಂಡ್ ಲೆಟರ್ ಬರೆಯುವಷ್ಟು ಕನ್ನಡ ನನಗೆ ಬರುತ್ತಿತ್ತು. ಆದರೆ ಪಿರ್ಯಾದಿ, ಸದರಿ ಆಸಾಮಿ, ಪಂಚರ ಸಮಕ್ಷಮ ಎಂಬ ಈ ಕನ್ನಡ ಬೇರೆಯದೇ ಒಂದು ರೆಜಿಮೆಂಟು.

ಅದು ನಗುವ ವಿಷಯ, ರೈಟರ್ ತಿದ್ದಿ ಬರೆಸಿದರು. ನಗಲಾರದ್ದು ಆಮೇಲೆ ಆಯಿತು. ಕಳ್ಳ ಸಿಕ್ಕಿದ, ನಾಲ್ಕರಲ್ಲಿ ಮೂರು ಚೀಲ ಸಿಕ್ಕಿತು. ಜಪ್ತಿ ಮಹಜರಿಗೆ ಇಬ್ಬರು ಪಂಚರನ್ನು, ಅಂದರೆ ಸಾಕ್ಷಿಗಳನ್ನು, ಕರೆದಿದ್ದೆವು. ಒಬ್ಬರು ಹಾಲು ಕರೆಯುವ ಹೊತ್ತಾಯಿತು ಅಂತ ಹೊರಟುಬಿಟ್ಟರು. ಹೋಗಲಿ ಅಂತ ನಾನು ಮಾರನೇ ದಿನ ಅವರನ್ನು ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡೆ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ವಕೀಲರು ಅವರಿಗೆ ಕೇಳಿದ್ದು ಒಂದೇ ಪ್ರಶ್ನೆ, ಎಲ್ಲಿ ಸಹಿ ಹಾಕಿದಿರಿ ಅಂತ. ಪಾಪ, ಅವರು ಸತ್ಯ ಹೇಳಿದರು. ಸಹಿ ಜಪ್ತಿಯ ಜಾಗದಲ್ಲೇ ಆಗಬೇಕಿತ್ತು. ಕೇಸ್ ಬಿತ್ತು. ತೋಟದವರು ಸಂತೆಯಲ್ಲಿ ಸಿಕ್ಕಾಗ, "ಮಿಲಿಟ್ರಿಯವರು ಬರೀತಾ ಇದ್ದಾರೆ ಅಂತ ಧೈರ್ಯ ಇತ್ತು ಮಾರಾಯ್ರೆ" ಎಂದರು. ಬೈದಿದ್ದರೆ ವಾಸಿ ಇತ್ತು.

ಸೇನೆಯಲ್ಲಿ ಕಲಿತದ್ದು ಠಾಣೆಗೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಜೋಡುಪಾಲ, ಮಕ್ಕಂದೂರು ಕಡೆ ದಾರಿಯೇ ಇಲ್ಲದಂತಾದಾಗ, ತೋಡಿಗೆ ಅಡ್ಡ ಹಗ್ಗ ಕಟ್ಟಿ ಜನರನ್ನು ದಾಟಿಸಬೇಕಾಯಿತು. ಇಪ್ಪತ್ತು ವರ್ಷದಿಂದ ಹಾಕದ ಬೌಲೈನ್ ಗಂಟು ಕೈಗೆ ತಾನಾಗಿ ಬಂತು. ಆದರೆ ಅದು ಒಂದು ಗಂಟೆಯ ಕೆಲಸ. ಆಮೇಲೆ 11 ದಿನ ನಾನು ಮಾಡಿದ್ದು ಒಂದು ಶಾಲೆಯ ಬೆಂಚಿನ ಮೇಲೆ ಕೂತು ಪಟ್ಟಿ ಬರೆಯುವುದನ್ನೇ. ಯಾರು ಯಾವ ಊರಿನವರು, ಯಾರ ಮನೆ ಹೋಯಿತು, ಯಾರು ಇನ್ನೂ ಬಂದಿಲ್ಲ, ಒಂದೇ ಹೆಸರಿನ ಇಬ್ಬರು ಅಜ್ಜಿಯರಲ್ಲಿ ಬಿಪಿ ಮಾತ್ರೆ ಯಾರಿಗೆ. ಅಷ್ಟರಲ್ಲಿ ರೈಟರ್ ಕಲಿಸಿದ ಕೆಲಸ ನನ್ನ ಕೈಗೆ ಕೂತಿತ್ತು.

2022ರಲ್ಲಿ ಎಎಸ್‌ಐ ಆಗಿ ನಿವೃತ್ತನಾದೆ. ನನ್ನ ಕೋರಿಕೆ ಇಷ್ಟೇ. ಸೇನೆಯಿಂದ ಬಂದವರಿಗೆ ಗೊತ್ತಿರುವ ಪರೇಡನ್ನೇ ಮತ್ತೆ ಕಲಿಸಿ ತಿಂಗಳು ಕಳೆಯಬೇಡಿ. ಆ ಸಮಯದಲ್ಲಿ ಮೂರು ತಿಂಗಳು ಠಾಣೆಯ ರೈಟರ್ ಪಕ್ಕ ಕೂರಿಸಿ. ವಾರಕ್ಕೊಮ್ಮೆ ಕೋರ್ಟ್ ಹಾಲ್‌ನಲ್ಲಿ ಸುಮ್ನೆ ಕೂತು ಪಾಟೀಸವಾಲು ಕೇಳಲಿ. ಹೇಗೂ 2024ರ ಜುಲೈ 1ರಿಂದ ಕಾನೂನೇ ಬದಲಾಗಿದೆ. ನಮ್ಮ ಕಾಲದಲ್ಲಿ ಕಳ್ಳತನ ಎಂದರೆ ಐಪಿಸಿ ಸೆಕ್ಷನ್ 379, ಈಗ ಭಾರತೀಯ ನ್ಯಾಯ ಸಂಹಿತೆಯ 303. ಹಳಬರೂ ಹೊಸದಾಗಿ ಕಲಿಯುತ್ತಿದ್ದಾರೆ, ಒಟ್ಟಿಗೇ ಕಲಿಯಲಿ. ಅಗ್ನಿವೀರರು ಬರುವುದು 25ರ ಆಸುಪಾಸಿನಲ್ಲಿ. ನನ್ನ ಹಾಗೆ 37ಕ್ಕೆ ಕೂತು ತಡಕಾಡಬೇಕಾಗಿಲ್ಲ.

ಕಲಿಸುವವರು ಎಲ್ಲಿದ್ದಾರೆ ಎಂದು ಕೇಳಬೇಡಿ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯಲ್ಲಿ ನಿವೃತ್ತ ರೈಟರ್‌ಗಳು ಕಾಫಿಗಿಡದ ಚಿಗುರು ತೆಗೆಯುತ್ತಾ ಮನೆಯಲ್ಲೇ ಇದ್ದಾರೆ. ಕರೆದರೆ ಬರುತ್ತಾರೆ. ವಾರಕ್ಕೆ ಎರಡು ದಿನ ನಾನೂ ಬರುತ್ತೇನೆ, ಕೊಯ್ಲಿನ ತಿಂಗಳು ಒಂದು ಬಿಟ್ಟು.

– ನಿವೃತ್ತ ಹವಾಲ್ದಾರ್, ನಿವೃತ್ತ ಎಎಸ್‌ಐ
ಮಡಿಕೇರಿ ತಾಲ್ಲೂಕು, ಕೊಡಗು