ಅಂಜುದೀವದ ಚರ್ಚ್: ಹತ್ತನೆಯ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಮಾಜ ವಿಜ್ಞಾನದಲ್ಲಿ ಭಾರತಕ್ಕೆ ಯುರೋಪಿಯನ್ನರ ಆಗಮನದ ಪಾಠ ಮುಗಿದಿದ್ದು, ಅದರ ಮುಂದುವರಿಕೆಯಾಗಿ ನಿಮ್ಮ ಮಕ್ಕಳು ಅಂಜುದೀವ ದ್ವೀಪದ ಬ್ರೋತಾಸ್ ಮಾತೆಯ ಚರ್ಚ್‌ನ ಇತಿಹಾಸವನ್ನು ಯೋಜನಾಕಾರ್ಯವಾಗಿ ಬರೆಯಲಿದ್ದಾರೆ. ಈ ಕೆಲಸದಲ್ಲಿ ಶಾಲೆಗಿಂತ ನಿಮ್ಮ ಮನೆಯ ಹಿರಿಯರ ಪಾತ್ರವೇ ದೊಡ್ಡದಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದನೆಂದು ಮಕ್ಕಳಿಗೆ ಬಾಯಿಪಾಠವಿದೆ. ಅದೇ ವರ್ಷ ಸ್ವದೇಶಕ್ಕೆ ಮರಳುವ ಮುನ್ನ ಆತ ಹಡಗಿನ ದುರಸ್ತಿಗೂ ಸಿಹಿನೀರಿಗೂ ತಂಗಿದ್ದು ನಮ್ಮ ಬಿಣಗಾ ಎದುರಿನ ಈ ದ್ವೀಪದಲ್ಲಿ ಎಂಬುದು ಮಾತ್ರ ಕಾರವಾರದ ಮಕ್ಕಳಿಗೇ ಹೊಸ ಸುದ್ದಿ. 1505ರಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದನಾದರೂ ಪೋರ್ಚುಗೀಸರು ಸ್ವಲ್ಪ ಕಾಲದಲ್ಲೇ ಅದನ್ನು ಕೆಡವಿ ಹೊರಟುಹೋದರು; ಮರಾಠರ ಸಂಭಾಜಿ ದ್ವೀಪವನ್ನು ಹಿಡಿಯಬಹುದೆಂಬ ಅಂಜಿಕೆಯಿಂದ 1682ರಲ್ಲಿ ಮತ್ತೆ ಬಂದು ಕೋಟೆಯನ್ನು ಎಬ್ಬಿಸಿದರು. ಚರ್ಚ್‌ನ ಬಾಳು ಈ ಕೋಟೆಯ ಏಳುಬೀಳಿನೊಡನೆ ಹೆಣೆದುಕೊಂಡಿದೆ.

ಈ ಎರಡು ಕೋಟೆಗಳ ನಡುವೆ ಇನ್ನೊಂದು ಕಥೆಯಿದೆ. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನ ಕೈಹಿಡಿದ ಪೋರ್ಚುಗಲ್ಲಿನ ಕ್ಯಾಥರೀನಳ ವರದಕ್ಷಿಣೆಯಾಗಿ ಬಂದ ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಇಂಗ್ಲಿಷ್ ಅಧಿಕಾರಿ ಸರ್ ಅಬ್ರಹಾಂ ಶಿಪ್‌ಮನ್‌ಗೆ ಅಲ್ಲಿನ ಪೋರ್ಚುಗೀಸರು ದ್ವೀಪಗಳನ್ನು ಬಿಟ್ಟುಕೊಡದಿದ್ದುದರಿಂದ, ಆತ ತನ್ನ ಸೈನಿಕರೊಡನೆ ಅಂಜುದೀವದಲ್ಲಿ ಬಿಡಾರ ಹೂಡಬೇಕಾಯಿತು. ಕಾಯುತ್ತಲೇ ಸೈನಿಕರಲ್ಲಿ ಬಹುಪಾಲು ಜನ ರೋಗಕ್ಕೆ ಬಲಿಯಾದರು, 1664ರಲ್ಲಿ ಶಿಪ್‌ಮನ್ ಕೂಡ ಅಲ್ಲಿಯೇ ತೀರಿಕೊಂಡ. ಮುಂಬಯಿಯ ಇತಿಹಾಸದ ಒಂದು ಪುಟ ನಮ್ಮ ಕಡಲಲ್ಲಿ ಬಿದ್ದಿದೆ ಎಂದರೆ ಮಕ್ಕಳು ನಂಬುವುದಿಲ್ಲ.

ಚರ್ಚ್ ಎಂದೊಡನೆ ಇದು ಒಂದೇ ಸಮುದಾಯದ ವಿಷಯವೆಂದು ಕೆಲವು ಪೋಷಕರಿಗೆ ಅನ್ನಿಸೀತು. ಟಿಪ್ಪುವಿನ ಕಾಲದ ದಾಳಿಗಳಲ್ಲಿ ಅಂಕೋಲಾ, ಕಾರವಾರ, ಕುಮಟಾ, ಹೊನ್ನಾವರದ ಕಡೆಯಿಂದ ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಈ ದ್ವೀಪಕ್ಕೆ ಓಡಿಹೋಗಿ ಆಶ್ರಯ ಪಡೆದಿದ್ದರು ಎಂಬುದನ್ನು ಅಂಥವರ ಗಮನಕ್ಕೆ ತರುತ್ತೇನೆ. ಮಕ್ಕಳು ಅಲ್ಲಿ ಹುಡುಕಬೇಕಾದದ್ದು ಬಂದರಿನ ಜನರ ಬದುಕನ್ನು. ಪೂಜೆ ಪ್ರಾರ್ಥನೆಗಳು ಈ ಯೋಜನೆಯ ಭಾಗವಲ್ಲ.

ಆಡಳಿತದ ಗಡಿಗಳು ಇಲ್ಲಿ ಪದೇ ಪದೇ ಬದಲಾಗಿವೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿತು. ಗೋವಾದ ಅಧೀನದಲ್ಲಿದ್ದ ಇಲ್ಲಿನ ಚರ್ಚ್‌ಗಳು 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಬಂದವು, 1976ರಲ್ಲಿ ಕಾರವಾರಕ್ಕೆ ತನ್ನದೇ ಧರ್ಮಪ್ರಾಂತ್ಯವಾಯಿತು. ಅಂಜುದೀವ ಮಾತ್ರ ಇಂದಿಗೂ ಗೋವಾಕ್ಕೇ ಸೇರಿದ್ದು, 1961ರ ಡಿಸೆಂಬರ್ 18ರಂದು ಅದನ್ನು ಪೋರ್ಚುಗೀಸರಿಂದ ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು.

ಈಗ ದ್ವೀಪ ನೌಕಾನೆಲೆಯ ವಶದಲ್ಲಿದೆ. ಈ ನೌಕಾನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಯ ಅಲೆತಡೆಗೋಡೆ ಅದನ್ನು ದಡಕ್ಕೆ ಜೋಡಿಸಿದೆಯಾದರೂ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಆದ್ದರಿಂದ ಮಕ್ಕಳನ್ನು ಕರೆದೊಯ್ಯುವ ಪ್ರಶ್ನೆಯೇ ಇಲ್ಲ. ಫೆಬ್ರವರಿ 2ರ ಬ್ರೋತಾಸ್ ಸಾಯ್ಬಿಣಿಯ ಫೆಸ್ತಕ್ಕೆ (ಮಾತೆಯ ಹಬ್ಬಕ್ಕೆ) ದೋಣಿಯಲ್ಲಿ ಹೋಗಿಬಂದವರು, ಜನರನ್ನು ದಾಟಿಸಿದ ಮೀನುಗಾರರು, ಸೀಬರ್ಡ್‌ಗಾಗಿ ಬಿಣಗಾ, ಅರಗಾ ಕಡೆ ಮನೆ ಜಮೀನು ಬಿಟ್ಟುಕೊಟ್ಟವರು ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಅಜ್ಜ ಅಜ್ಜಿಯರು ಕೊಂಕಣಿಯಲ್ಲಿ ಹೇಳಿದರೆ ಹಾಗೆಯೇ ಬರೆದುಕೊಂಡು ಬಳಿಕ ಕನ್ನಡಕ್ಕೆ ತರುವಂತೆ ಮಕ್ಕಳಿಗೆ ತಿಳಿಸಿದ್ದೇವೆ. ಹಳೆಯ ಫೋಟೊ, ದೀಕ್ಷಾಸ್ನಾನದ ಪತ್ರ ಇಂಥವುಗಳಿದ್ದರೆ ನಕಲು ಮಾತ್ರ ಕಳುಹಿಸಿ, ಮೂಲಪ್ರತಿ ಮನೆಯಲ್ಲಿಯೇ ಇರಲಿ.

ದ್ವೀಪವನ್ನಾಗಲಿ ನೌಕಾನೆಲೆಯನ್ನಾಗಲಿ ದಡದಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸದಂತೆ ಮಕ್ಕಳಿಗೆ ದಯವಿಟ್ಟು ಎಚ್ಚರಿಕೆ ಹೇಳಿರಿ. ತಮ್ಮ ಮನೆಯ ಹಿರಿಯರು ಶಾಲೆಗೇ ಬಂದು ಮಾತನಾಡಲು ಒಪ್ಪುವುದಾದರೆ, ಈ ಪತ್ರದ ಕೆಳಭಾಗದ ಚೀಟಿಯಲ್ಲಿ ಅವರ ಅನುಕೂಲದ ಸಮಯವನ್ನು ಬರೆದು, ಸಹಿ ಮಾಡಿ, ಬರುವ ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಕಾರವಾರ