ಕರಾರು ಮುಗಿಯಿತು, ಬಾಕಿಯೂ ಬಂತು

ನಾನು ಆಡಿದ ಕೊನೆಯ ಕ್ಲಬ್ಬು ಉಳಿಸಿಕೊಂಡಿದ್ದ ಸಂಬಳ ಅಂತೂ ಖಾತೆಗೆ ಬಂತು. ವೃತ್ತಿಪರ ಫುಟ್‌ಬಾಲ್ ಲೆಕ್ಕ ಅಲ್ಲಿಗೆ ಚುಕ್ತಾ. ಕಾರವಾರದಲ್ಲಿ ಎದುರಾದವರೆಲ್ಲ "ಕೋಟಿ ಮಾಡ್ಕೊಂಡು ಬಂದ್ಯಲ್ಲೋ" ಅಂತಿದ್ದಾರೆ. ಇಲ್ಲ ಮಾರಾಯ್ರೆ. ಟಿವಿಯಲ್ಲಿ ಕೇಳುವ ದೊಡ್ಡ ಮೊತ್ತ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವ ದುಡ್ಡು. 2017ರಲ್ಲಿ ಬ್ರೆಜಿಲ್ ಆಟಗಾರ ನೇಮಾರ್ ಪ್ಯಾರಿಸ್ ಕ್ಲಬ್ಬಿಗೆ ಹೋದಾಗಿನ 22.2 ಕೋಟಿ ಯೂರೋ ಸೇರಿದ್ದು ಬಾರ್ಸಿಲೋನಾ ಕ್ಲಬ್ಬಿಗೆ. ಆಟಗಾರನಿಗೆ ಸಿಗುವುದು ಕರಾರಿನ ಸಂಬಳ, ಗೆದ್ದರೆ ಬೋನಸ್. ನನ್ನಂಥವನಿಗೆ ಅದರಲ್ಲೂ ಏಜೆಂಟರ ಪಾಲು, ಟಿಡಿಎಸ್ ತೆರಿಗೆ ಕಳೆದು ಉಳಿದಷ್ಟು.

ನಮ್ಮ ದೇಶದಲ್ಲಿ ಆಟಗಾರರ ಕರಾರು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತದೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಅಂದರೆ ಬೈತಖೋಲ ಬಂದರಿನಲ್ಲಿ ಅಪ್ಪನ ಬೋಟಿಗೆ ಹಗ್ಗ ಬಿಗಿದಾಗಲೇ ನನ್ನ ಸಂಬಳವೂ ಬಂದ್! ಆಯಿಗೆ ಇದು ಹೊಸದೇನಲ್ಲ. ಒಣಮೀನು, ಕುಚ್ಚಕ್ಕಿ ಕೂಡಿಡುವ ಹಾಗೆ ಕರಾರಿಗೆ ಸಹಿ ಹಾಕಿದಾಗ ಸಿಕ್ಕ ನನ್ನ ಸೈನ್-ಆನ್ ದುಡ್ಡನ್ನೂ ಎತ್ತಿಟ್ಟಳು. "ಮಳೆಗಾಲಕ್ಕೆ ಇರಲಿ" ಅಂದಳು. ಅದನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ, ನನಗೂ.

ಸಾಲ ಕೊಡುವ ಸಹಕಾರಿ ಸೊಸೈಟಿಯ ಅಕ್ಕೋರಿಗೆ ದೊಡ್ಡ ನಮಸ್ಕಾರ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬಿಗೆ ಸೇರಿದ ಹೊಸತರಲ್ಲಿ ಕಾರಿನ ಸಾಲ ಕೇಳಲು ಹೋಗಿದ್ದೆ. ಅವರು ಕನ್ನಡಕ ಮೇಲೇರಿಸಿ ನನ್ನ ಕರಾರನ್ನು ಪೂರ್ತಿ ಓದಿದರು. "ತಮ್ಮಾ, ಕರಾರು ಒಂದು ವರ್ಷದ್ದು. ಐದು ವರ್ಷದ ಕಂತು ಯಾರು ಕಟ್ತಾರೆ?" ಅಂದರು. ಸಾಲದ ಅರ್ಜಿ ಅಲ್ಲೇ ಮಡಚಿಟ್ಟು ತಿಂಗಳು ತಿಂಗಳು ಉಳಿತಾಯ ಕಟ್ಟುವ ಆರ್‌ಡಿ ಫಾರಂ ಮುಂದಿಟ್ಟರು. ಮುಖ ಊದಿಸಿಕೊಂಡೇ ಸಹಿ ಹಾಕಿದ್ದೆ.

ಮೊಣಕಾಲಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದಾಗ ಮನೆ ನಡೆದದ್ದು ಆ ದುಡ್ಡಲ್ಲಿ. ಕರಾರು ಇರುವ ತನಕ ಸಂಬಳ ಬಂತು. ಅದು ಮುಗಿದ ಮೇಲೆ ಕುಂಟುತ್ತಿರುವವನನ್ನು ಯಾರು ತಗೊಳ್ತಾರೆ? ಆಗ ಟಾಗೋರ್ ಕಡಲತೀರದ ಮರಳಲ್ಲಿ ದಿನಾ ಬೆಳಿಗ್ಗೆ ನನ್ನ ಜೊತೆ ಓಡಿದ ಹುಡುಗರೇ, ಕಾಸು ಮುಟ್ಟದೆ ಕಾಲು ನೋಡಿದ ಫಿಸಿಯೋ ಅಣ್ಣಾ, ನಿಮ್ಮ ಋಣ ದೊಡ್ಡದು. ಮಾಲಾದೇವಿ ಮೈದಾನದಲ್ಲಿ ಎಡಗಾಲಲ್ಲೂ ಒದೆಯಲು ಕಲಿಸಿದ ಮಾಸ್ತರರೇ, ನಾನು ಆಡಿದ ಅಷ್ಟೂ ವರ್ಷ ಎಡ ಬದಿಯಲ್ಲೇ ಆಡಿದೆ!

ಕೊನೆಯ ಕ್ಲಬ್ಬು ಸಂಬಳ ತಡೆದಾಗ ನಾನು ಸುಮ್ನೆ ಕೂರುವವನಿದ್ದೆ. ಅಂಕೋಲೆಯ ವಕೀಲ ಗೆಳೆಯ ಬಿಡಲಿಲ್ಲ. ಎರಡು ತಿಂಗಳ ಸಂಬಳ ಬಾಕಿಯಾದರೆ, ಕೊಡಿ ಅಂತ 15 ದಿನ ಮುಂಚೆ ನೋಟಿಸ್ ಕೊಟ್ಟು, ಆಗಲೂ ಕೊಡದಿದ್ದರೆ ಆಟಗಾರ ಕರಾರು ಬಿಟ್ಟು ಹೊರಬರಬಹುದು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2018ರಲ್ಲಿ ತಂದ ನಿಯಮ ಇದು. ನೋಟಿಸ್ ಅವನೇ ಬರೆದ. ಫೀಸು ಕೇಳಿದರೆ ಬೈದ. ಈಗ ಕ್ಲಬ್ಬಿಗೆ ಸೇರುತ್ತಿರುವ ನಮ್ಮ ಊರಿನ ಹುಡುಗರಿಗೆ ಅವನ ನಂಬರ್ ಕೊಡುತ್ತೇನೆ, ಸಹಿ ಹಾಕುವ ಮೊದಲೇ ತೋರಿಸಿ.

ಇನ್ನು ಪಾರ್ಟಿ ಕೇಳುತ್ತಿರುವ ಗೆಳೆಯರಿಗೆ: ಆಗಸ್ಟ್ ಬರಲಿ, ಬೋಟುಗಳು ಕಡಲಿಗೆ ಇಳಿಯಲಿ. ಇಸ್ವಾಣ ಮೀನು ನನ್ನ ಖರ್ಚು, ಅಡುಗೆ ನಿಮ್ಮದು.